ಹಳೆಯ ಅಚ್ಚಿನ ಭಾವಚಿತ್ರ ಯಾರ ಕೈಕೆಲಸ? ಪತ್ತೆ ಹಚ್ಚುವ ಕ್ರಮ

ಹಳೆಯ ಭಾವಚಿತ್ರದ ಅಚ್ಚೊಂದು ಕೈಗೆ ಬಂದರೆ ಮೊದಲು ಏಳುವ ಪ್ರಶ್ನೆ, ‘ಇದನ್ನು ಬರೆದ ಕಲಾವಿದ ಯಾರು?’ ಎಂಬುದು. ಪ್ರಶ್ನೆ ಸಹಜವೇ, ಆದರೆ ಅದಕ್ಕೆ ಒಂದೇ ಹೆಸರಿನ ಉತ್ತರ ಸಿಗುವುದು ಅಪರೂಪ. 16ರಿಂದ 19ನೇ ಶತಮಾನದವರೆಗೆ ಯುರೋಪಿನಲ್ಲಿ ಹೊರಬಂದ ಇಂಥ ಅಚ್ಚುಗಳಲ್ಲಿ ಹೆಚ್ಚಿನವು ಹಲವರು ಕೂಡಿ ಮಾಡಿದ ಕೆಲಸ. ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು ಬಣ್ಣದಲ್ಲಿ ಚಿತ್ರಿಸಿದವನು ಒಬ್ಬ. ಆ ಚಿತ್ರವನ್ನು ಚಿಕ್ಕದಾಗಿಸಿ ರೇಖಾಚಿತ್ರ ಮಾಡಿಕೊಟ್ಟವನು ಇನ್ನೊಬ್ಬ. ಅದನ್ನು ನೋಡಿ ತಾಮ್ರದ ತಗಡಿನಲ್ಲಿ ಕೊರೆದವನು ಮತ್ತೊಬ್ಬ. ಇದಕ್ಕೆಲ್ಲ ಹಣ ಹಾಕಿ, ಅಚ್ಚು ತೆಗೆಸಿ, ಅಂಗಡಿಯಲ್ಲಿಟ್ಟು ಮಾರಿದವನು ನಾಲ್ಕನೆಯವನು. ಇವರು ಒಬ್ಬರ ಮುಖವನ್ನೊಬ್ಬರು ನೋಡಿರಬೇಕೆಂದೂ ಇಲ್ಲ. ಹಾನ್ಸ್ ಹೋಲ್ಬೈನ್ 1543ರಲ್ಲಿ ತೀರಿಕೊಂಡ. ಅವನು ಚಿತ್ರಿಸಿದ ಮುಖಗಳನ್ನು ವೆನ್ಸೆಸ್ಲಾಸ್ ಹೋಲರ್ ತಾಮ್ರಕ್ಕೆ ಇಳಿಸಿದ್ದು 1640ರ ದಶಕದಲ್ಲಿ.

ಹಾಗಾಗಿ ಯಾರನ್ನು ಹುಡುಕುತ್ತಿದ್ದೇವೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕೈಯಲ್ಲಿರುವ ಹಾಳೆಯ ಮಟ್ಟಿಗೆ ಕಲಾವಿದ ಎಂದರೆ ತಗಡನ್ನು ಕೊರೆದವನೇ ಎಂಬುದು ನನ್ನ ಪಕ್ಷ. ಪ್ರಸಿದ್ಧ ಚಿತ್ರಕಾರನ ಹೆಸರು ಕೆಳಗೆ ಕಂಡ ತಕ್ಷಣ ‘ನನ್ನ ಬಳಿ ಒಂದು ವ್ಯಾನ್ ಡೈಕ್ ಇದೆ’ ಎನ್ನುವವರು ಬಹಳ. ಅವರ ಬಳಿ ಇರುವುದು ವ್ಯಾನ್ ಡೈಕ್‌ನ ಚಿತ್ರವನ್ನು ಆಧರಿಸಿ ಬೇರೊಬ್ಬ ಮಾಡಿದ ಕೆಲಸ. ಆ ಬೇರೊಬ್ಬನಿಗೂ ಅವನದೇ ಕೈಚಳಕ, ಅವನದೇ ಕೀರ್ತಿ ಇರುತ್ತದೆ.

ಇನ್ನೊಂದು ಮಾತು. ಹೆಸರು ಓದುವ ಆತುರ ಬೇಡ. ಹೆಸರನ್ನೂ ಚಿತ್ರದ ಜೊತೆಗೇ ನಕಲು ಮಾಡಬಹುದು. ಆಲ್ಬ್ರೆಕ್ಟ್ ಡ್ಯೂರರ್‌ನ ಮರದಚ್ಚುಗಳನ್ನು ಮಾರ್ಕಾಂಟೋನಿಯೋ ರೈಮೊಂಡಿ ತಾಮ್ರದಲ್ಲಿ ನಕಲಿಸಿದಾಗ ಡ್ಯೂರರ್‌ನ ‘ಎ.ಡಿ.’ ಮುದ್ರೆಯನ್ನೂ ಬಿಡದೆ ಕೊರೆದಿದ್ದ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಗೆರೆ, ಆಮೇಲೆ ಅಕ್ಷರ, ಆಮೇಲೆ ಚಿತ್ರದಲ್ಲಿರುವ ವ್ಯಕ್ತಿ, ಕೊನೆಗೆ ಹೋಲಿಕೆ.

ಚೌಕಟ್ಟಿನಿಂದ ಹೊರಗೆ ತೆಗೆಯಿರಿ

ಗಾಜಿನ ಹಿಂದಿರುವ ಹಾಳೆಯಿಂದ ಅರ್ಧ ಸಾಕ್ಷ್ಯವೂ ಸಿಗುವುದಿಲ್ಲ. ಒಳ ಅಂಚಿನ ರಟ್ಟು ಬಹಳ ಸಲ ಅಕ್ಷರಗಳನ್ನೇ ಮುಚ್ಚಿಬಿಟ್ಟಿರುತ್ತದೆ. ಸ್ವಚ್ಛವಾದ, ಒಣಗಿದ ಕೈಯಿಂದ, ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಹಾಳೆಯನ್ನು ಎರಡೂ ಬದಿಯಲ್ಲಿ ಹಿಡಿದು ಎತ್ತಿ. ರಟ್ಟಿಗೆ ಅಂಟಿಸಿದ್ದರೆ ಕೀಳಲು ಹೋಗಬೇಡಿ. ಅದು ಕಾಗದ ಸಂರಕ್ಷಕರ ಕೆಲಸ. ರಬ್ಬರಿನಿಂದ ಉಜ್ಜುವುದು, ನೀರು ತಾಗಿಸುವುದು, ಹರಿದ ಕಡೆ ಟೇಪ್ ಹಚ್ಚುವುದು ಖಂಡಿತ ಬೇಡ.

ಈಗ ಮೂರು ಬಗೆಯ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಮೇಲಿನಿಂದ ನೇರ ಬೆಳಕು, ಪಕ್ಕದಿಂದ ಓರೆಯಾಗಿ ಬೀಳುವ ಬೆಳಕು, ಹಾಳೆಯ ಹಿಂದಿನಿಂದ ಹಾಯುವ ಬೆಳಕು. ಓರೆ ಬೆಳಕಿನಲ್ಲಿ ತಗಡಿನ ಅಚ್ಚುಗುರುತು, ಅಂದರೆ ತಗಡಿನ ಅಂಚು ಕಾಗದವನ್ನು ಒತ್ತಿ ಬಿಟ್ಟ ಗುರುತು, ಕಾಣುತ್ತದೆ. ಹಿಂದಿನ ಬೆಳಕಿನಲ್ಲಿ, ಕಾಗದ ತಯಾರಿಸುವಾಗಲೇ ಅದರೊಳಗೆ ಮೂಡಿಸಿದ ವಾಟರ್‌ಮಾರ್ಕ್ ಕಾಣುತ್ತದೆ. ಅಳತೆಯನ್ನು ಮಿಲಿಮೀಟರಿನಲ್ಲಿ, ಎತ್ತರ ಮೊದಲು ಅಗಲ ಆಮೇಲೆ ಎಂಬ ಕ್ರಮದಲ್ಲಿ ಬರೆದುಕೊಳ್ಳಿ. ವಸ್ತುಸಂಗ್ರಹಾಲಯಗಳ ಪಟ್ಟಿಗಳಲ್ಲಿ ಇದೇ ರೂಢಿ. ಕಾಗದದ ಅಳತೆ, ತಗಡಿನ ಗುರುತಿನ ಅಳತೆ, ಚಿತ್ರಭಾಗದ ಅಳತೆ ಮೂರೂ ಬೇರೆ ಬೇರೆ ಬೇಕು. ಮುಂದೆ ನಕಲನ್ನು ಹಿಡಿಯಲು ತಗಡಿನ ಅಳತೆಯೇ ಎಲ್ಲಕ್ಕಿಂತ ಹೆಚ್ಚು ನೆರವಾಗುತ್ತದೆ.

ಭೂತಗನ್ನಡಿ ಹಿಡಿದು ಗೆರೆಯನ್ನು ನೋಡಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಸಾಕು. ಮುಖದ ನೆರಳಿನ ಭಾಗ, ಕೂದಲು, ಹಿನ್ನೆಲೆ ಈ ಮೂರು ಕಡೆ ನಿಧಾನವಾಗಿ ನೋಡಿ. ಯಾವ ವಿಧಾನದ ಅಚ್ಚು ಎಂದು ತಿಳಿದರೆ ಕಾಲವೂ ಕೆತ್ತನೆಗಾರರ ಗುಂಪೂ ತಾನಾಗಿ ಕಿರಿದಾಗುತ್ತವೆ.

ಉಳಿಯಿಂದ ತಾಮ್ರವನ್ನು ಕೊರೆದ ಎನ್‌ಗ್ರೇವಿಂಗ್‌ನಲ್ಲಿ ಗೆರೆ ಸಣ್ಣದಾಗಿ ಹುಟ್ಟಿ, ನಡುವೆ ದಪ್ಪವಾಗಿ, ಮತ್ತೆ ಚೂಪಾಗಿ ಮುಗಿಯುತ್ತದೆ. ಕೆನ್ನೆಯ ಉಬ್ಬನ್ನು ಹಿಂಬಾಲಿಸಿ ಸಾಗುವ ಸಮಾನಾಂತರ ಗೆರೆಗಳು, ಅವು ಒಂದನ್ನೊಂದು ಕತ್ತರಿಸಿದಲ್ಲಿ ಮೂಡುವ ವಜ್ರಾಕೃತಿ, ಅದರ ನಡುವೆ ಒಂದು ಚುಕ್ಕಿ. ಇದು ಪಳಗಿದ ವೃತ್ತಿಪರನ ಲಕ್ಷಣ. ಎಚಿಂಗ್ ಬೇರೆ. ಅಲ್ಲಿ ಮೇಣದ ಲೇಪದ ಮೇಲೆ ಸೂಜಿಯಿಂದ ಬರೆದು, ಆಮ್ಲ ತಾಮ್ರವನ್ನು ತಿನ್ನಲು ಬಿಡುತ್ತಾರೆ. ಗೆರೆಯ ತುದಿ ಮೊಂಡಾಗಿರುತ್ತದೆ, ದಪ್ಪ ಹೆಚ್ಚು ಕಡಿಮೆ ಒಂದೇ ಸಮ, ಓಟ ಮಾತ್ರ ಪೆನ್ನಿನ ಬರಹದಷ್ಟು ಸಲೀಸು. ಚಿತ್ರಕಾರರು ತಾವೇ ತಗಡಿಗೆ ಕೈಹಾಕಿದ್ದು ಹೆಚ್ಚಾಗಿ ಎಚಿಂಗ್‌ನಲ್ಲೇ. ಉಳಿ ಹಿಡಿಯಲು ವರ್ಷಗಟ್ಟಲೆ ತರಬೇತಿ ಬೇಕು, ಸೂಜಿಗೆ ಅಷ್ಟು ಬೇಡ. ರೆಂಬ್ರಾಂಟ್ 1647ರಲ್ಲಿ ಮಾಡಿದ ಯಾನ್ ಸಿಕ್ಸ್‌ನ ಭಾವಚಿತ್ರ ಈ ದಾರಿಯದು. ಎರಡನ್ನೂ ಒಂದೇ ತಗಡಿನಲ್ಲಿ ಬೆರೆಸುವುದೂ ಸಾಮಾನ್ಯ: ಬಟ್ಟೆ, ಹಿನ್ನೆಲೆ ಎಚಿಂಗ್, ಮುಖ ಎನ್‌ಗ್ರೇವಿಂಗ್.

ಗೆರೆಯೇ ಇಲ್ಲದೆ ಮಖಮಲ್ಲಿನಂಥ ಕಪ್ಪಿನೊಳಗಿಂದ ಬೆಳಕು ಮೂಡಿಬಂದಂತಿದ್ದರೆ ಅದು ಮೆಜೋಟಿಂಟ್. ತಗಡನ್ನೆಲ್ಲ ಹಲ್ಲುಳ್ಳ ಉಪಕರಣದಿಂದ ಒರಟು ಮಾಡಿ, ಬೆಳಕು ಬೇಕಾದ ಕಡೆ ಕೆರೆದು ನಯ ಮಾಡುವ ವಿಧಾನ ಇದು. ಭೂತಗನ್ನಡಿಯಲ್ಲಿ ಸಣ್ಣ ಸಣ್ಣ ಹಲ್ಲಿನ ಸಾಲುಗಳು ಕಾಣುತ್ತವೆ. ಹುಟ್ಟಿನಿಂದಲೂ ಇದಕ್ಕೆ ಭಾವಚಿತ್ರದ ನಂಟು. ಲುಡ್ವಿಗ್ ಫಾನ್ ಸೀಗನ್ 1642ರಲ್ಲಿ ಹೊರತಂದ ಮೊದಲ ಮೆಜೋಟಿಂಟ್ ಹೆಸ್ಸೆ-ಕಾಸೆಲ್‌ನ ಅಮೇಲಿಯಾ ಎಲಿಜಬೆತ್ ಅವರ ಭಾವಚಿತ್ರವೇ. ಮುಂದೆ ಇದನ್ನು ತಮ್ಮದೆಂಬಂತೆ ಬೆಳೆಸಿದವರು ಇಂಗ್ಲೆಂಡಿನವರು. ನಿಮ್ಮ ಹಾಳೆ ಮೆಜೋಟಿಂಟ್ ಆಗಿದ್ದರೆ ಹುಡುಕಾಟ ಲಂಡನ್ನಿನಿಂದ ಆರಂಭವಾಗಲಿ.

ಮುಖವೆಲ್ಲ ಸಣ್ಣ ಚುಕ್ಕಿಗಳಿಂದ ಕಟ್ಟಿದ್ದರೆ ಅದು ಸ್ಟಿಪಲ್. 18ನೇ ಶತಮಾನದ ಕೊನೆಯ ದಶಕಗಳಲ್ಲಿ ಲಂಡನ್ನಿನಲ್ಲಿ ಫ್ರಾಂಚೆಸ್ಕೊ ಬಾರ್ತೊಲೊಜ್ಜಿ ಮತ್ತು ಅವನ ಬಳಗ ಇದರಲ್ಲಿ ಹೆಸರು ಮಾಡಿತು. ಬೂದು ಬೆಳ್ಳಿಯ ಛಾಯೆಯ, ಕೂದಲೆಳೆಗಿಂತ ತೆಳುವಾದ, ಒತ್ತೊತ್ತಾದ ಗೆರೆಗಳಿದ್ದರೆ ಉಕ್ಕಿನ ತಗಡು, ಅಂದರೆ 1820ರ ದಶಕ ಅಥವಾ ಆಮೇಲಿನದು. ಒರಟು ಕಾಗದದ ಮೇಲೆ ಮೇಣದ ಕಡ್ಡಿ ಎಳೆದಂತಹ ಕಣಗಳು ಕಂಡು, ತಗಡಿನ ಗುರುತು ಇಲ್ಲದಿದ್ದರೆ ಕಲ್ಲಚ್ಚು (ಲಿಥೊಗ್ರಫಿ) ಎಂದು ತಿಳಿಯಬಹುದು. ಅದನ್ನು ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದದ್ದು 1790ರ ದಶಕದ ಕೊನೆಯಲ್ಲಿ. ಆದ್ದರಿಂದ ಕಲ್ಲಚ್ಚಿನ ಹಾಳೆಯನ್ನು 1750ರದ್ದೆಂದು ಯಾರಾದರೂ ಹೇಳಿದರೆ ಮಾತು ಅಲ್ಲಿಗೇ ನಿಲ್ಲಿಸಬಹುದು.

ಸಾಲಾಗಿ, ಜಾಲರಿಯಂತೆ, ಒಂದೇ ಅಂತರದಲ್ಲಿ ಕುಳಿತ ಚುಕ್ಕಿಗಳು ಕಂಡರೆ ನಿಮ್ಮ ಕೈಯಲ್ಲಿರುವುದು ಹಾಫ್‌ಟೋನ್, ಅಂದರೆ ಕ್ಯಾಮೆರಾ ಮೂಲಕ ಮಾಡಿದ ಪುನರ್ಮುದ್ರಣ. 1880ರ ದಶಕಕ್ಕೆ ಮುಂಚಿನದಂತೂ ಅಲ್ಲ. ಕೆಳಗೆ ಯಾವ ಹೆಸರಿದ್ದರೂ ಅದು ಮೂಲದ ಹೆಸರು, ಈ ಹಾಳೆಯದಲ್ಲ. ಹೆಚ್ಚು ಮೋಸ ಮಾಡುವುದು ಫೋಟೊಗ್ರಾವ್ಯೂರ್, ಅಂದರೆ ಫೋಟೊ ಮೂಲಕ ಚಿತ್ರವನ್ನು ತಗಡಿಗೆ ಇಳಿಸಿ ತೆಗೆದ ಅಚ್ಚು. ಅದಕ್ಕೂ ತಾಮ್ರದ ತಗಡೇ, ತಗಡಿನ ಗುರುತೂ ಇರುತ್ತದೆ. 19ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಅಮಾಂಡ್-ಡ್ಯುರಾಂಡ್ ರೆಂಬ್ರಾಂಟ್, ಡ್ಯೂರರ್ ಮೊದಲಾದವರ ಅಚ್ಚುಗಳನ್ನು ಈ ಬಗೆಯಲ್ಲಿ ಎಷ್ಟು ಚೆನ್ನಾಗಿ ಮರುಸೃಷ್ಟಿಸಿದನೆಂದರೆ, ಹಾಳೆಯ ಹಿಂಬದಿಯಲ್ಲಿ ಅವನು ಒತ್ತುತ್ತಿದ್ದ ಮುದ್ರೆ ಅಳಿಸಿಹೋಗಿದ್ದರೆ ಎಂಥವರೂ ತಡವರಿಸುತ್ತಾರೆ. ಹಿಂಬದಿ ನೋಡದೆ ತೀರ್ಮಾನ ಬೇಡ ಎನ್ನುವುದು ಇದಕ್ಕೇ.

ಕೆಳಗಿನ ಅಕ್ಷರಗಳನ್ನು ಬಿಡಿಸಿ ಓದಿ

ಚಿತ್ರದ ಕೆಳ ಅಂಚಿಗೆ ಹೊಂದಿಕೊಂಡು ಇರುವೆ ಸಾಲಿನಂತೆ ಸಣ್ಣ ಅಕ್ಷರಗಳಿರುತ್ತವೆ. ಹೆಚ್ಚಾಗಿ ಎಡಮೂಲೆಯಲ್ಲಿ ಚಿತ್ರಕಾರ, ಬಲಮೂಲೆಯಲ್ಲಿ ಕೆತ್ತನೆಗಾರ, ನಡುವೆ ಅಥವಾ ಎಲ್ಲಕ್ಕಿಂತ ಕೆಳಗೆ ಪ್ರಕಾಶಕ. ಇದು ರೂಢಿ ಅಷ್ಟೇ, ಕಟ್ಟಳೆಯಲ್ಲ. ಹೆಸರಿನ ಪಕ್ಕದ ಲ್ಯಾಟಿನ್ ಕ್ರಿಯಾಪದವೇ ಪಾತ್ರವನ್ನು ಹೇಳುತ್ತದೆ, ಜಾಗವಲ್ಲ.

‘ಪಿಂಕ್ಸಿಟ್’, ಅಥವಾ ಅದರ ಮೊಟಕು ರೂಪ ‘ಪಿಂಕ್ಸ್.’, ‘ಪಿ.’ ಎಂದಿದ್ದರೆ ಬಣ್ಣದಲ್ಲಿ ಚಿತ್ರಿಸಿದವನು. ‘ಡೆಲಿನಿಯಾವಿಟ್’, ‘ಡೆಲ್.’ ಎಂದರೆ ರೇಖಾಚಿತ್ರ ಬರೆದವನು. ‘ಇನ್ವೆನಿಟ್’, ‘ಇನ್ವ್.’ ಎಂದರೆ ರಚನೆಯನ್ನು ಕಲ್ಪಿಸಿದವನು. ‘ಸ್ಕಲ್ಪ್ಸಿಟ್’, ‘ಸ್ಕಲ್ಪ್.’, ‘ಎಸ್‌ಸಿ.’ ಅಥವಾ ‘ಇನ್ಸಿಡಿಟ್’ ಎಂದರೆ ಕೊರೆದವನು. ನಾವು ಹುಡುಕುತ್ತಿರುವವನು ಇವನೇ. ‘ಎಕ್ಸ್‌ಕುಡಿಟ್’, ‘ಎಕ್ಸ್‌ಸಿ.’ ಅಥವಾ ಬರೀ ‘ಎಕ್ಸ್.’ ಪ್ರಕಾಶಕನದು. ಎಸ್‌ಸಿ., ಎಕ್ಸ್‌ಸಿ. ಎರಡನ್ನೂ ಅದಲುಬದಲು ಮಾಡಿ ಪ್ರಕಾಶಕನನ್ನು ಕಲಾವಿದನಾಗಿಸಿದ ವಿವರಣೆಗಳು ಹರಾಜಿನ ಪಟ್ಟಿಗಳಲ್ಲಿ ಹೇರಳ. ‘ಇಂಪ್.’ ಎಂದಿದ್ದರೆ ಅಚ್ಚು ಹಾಕಿದವನು ಮಾತ್ರ. 19ನೇ ಶತಮಾನದ ಫ್ರೆಂಚ್ ಕಲ್ಲಚ್ಚುಗಳಲ್ಲಿ ‘ಇಂಪ್. ಲೆಮರ್ಸಿಯೆ’ ಎಂದು ಮತ್ತೆ ಮತ್ತೆ ಕಾಣುತ್ತದೆ. ಅದು ಪ್ಯಾರಿಸ್ಸಿನ ದೊಡ್ಡ ಮುದ್ರಣಾಲಯ. ಮುಖವನ್ನು ಕಲ್ಲಿನ ಮೇಲೆ ಬರೆದವನ ಸಹಿ ಚಿತ್ರದ ಒಳಗೇ, ಭುಜದ ಮಡಿಕೆಯ ಹತ್ತಿರವೋ ತೋಳಿನ ಅಂಚಿನಲ್ಲೋ ಇರುತ್ತದೆ. ವಿಯೆನ್ನಾದ ಯೋಸೆಫ್ ಕ್ರೀಹೂಬರ್ ತನ್ನ ಸುಮಾರು 3,000 ಕಲ್ಲಚ್ಚಿನ ಭಾವಚಿತ್ರಗಳಲ್ಲಿ ಬಹಳಷ್ಟಕ್ಕೆ ಹೀಗೇ ಹೆಸರೂ ವರ್ಷವೂ ಹಾಕಿದ್ದಾನೆ.

‘ಫೆಸಿಟ್’ ಅಥವಾ ‘ಫೆ.’ ಸ್ವಲ್ಪ ಜಾರುವ ಶಬ್ದ. ‘ಮಾಡಿದನು’ ಎಂಬಷ್ಟೇ ಅದರ ಅರ್ಥ. ಎಚಿಂಗ್ ಮತ್ತು ಮೆಜೋಟಿಂಟ್‌ನಲ್ಲಿ ಸಾಮಾನ್ಯವಾಗಿ ತಗಡಿನ ಕೆಲಸ ಮಾಡಿದವನನ್ನೇ ಅದು ಸೂಚಿಸುತ್ತದೆ. ‘ಆಡ್ ವಿವಮ್’ ಎಂದು ಸೇರಿದ್ದರೆ ವ್ಯಕ್ತಿಯನ್ನು ಎದುರಿಗಿಟ್ಟುಕೊಂಡೇ ಬರೆದದ್ದು. ಫ್ರಾನ್ಸಿನ ರೊಬೆರ್ ನಾಂತೆಯ್ 17ನೇ ಶತಮಾನದಲ್ಲಿ ಎದುರಿಗೆ ಕೂರಿಸಿ ಬರೆಯುವ ಕೆಲಸವನ್ನೂ ಕೊರೆಯುವ ಕೆಲಸವನ್ನೂ ತಾನೇ ಮಾಡುತ್ತಿದ್ದ. ಅಂಥ ಹಾಳೆಗಳಲ್ಲಿ ‘ಕಲಾವಿದ ಯಾರು’ ಎಂಬ ಪ್ರಶ್ನೆಗೆ ಒಂದೇ ಹೆಸರು ಸಿಗುತ್ತದೆ. ಫ್ರೆಂಚಿನಲ್ಲಿ ‘ಗ್ರಾವೆ ಪಾರ್’ ಕೊರೆದವನದು, ‘ಪ್ಯಾಂ ಪಾರ್’ ಚಿತ್ರಿಸಿದವನದು, ‘ಶೇ’ ಎಂದ ಮೇಲೆ ಬರುವುದು ಅಂಗಡಿಯವನ ಹೆಸರು. ಜರ್ಮನ್‌ನಲ್ಲಿ ‘ಗೆಸ್ಟ್.’ ಕೊರೆದವನು, ‘ಗೆಜ಼್.’ ರೇಖಾಚಿತ್ರ ಬರೆದವನು.

ಹೆಸರಿಗೆ ಅಂಟಿಕೊಂಡ ಬಿರುದುಗಳನ್ನು ಕಡೆಗಣಿಸಬೇಡಿ. ಅವುಗಳಿಂದ ಕಾಲ ಗೊತ್ತಾಗುತ್ತದೆ. ಆಂಥನಿ ವ್ಯಾನ್ ಡೈಕ್‌ಗೆ ನೈಟ್ ಪದವಿ ಬಂದದ್ದು 1632ರಲ್ಲಿ. ಅವನ ಹೆಸರಿನ ಮುಂದೆ ‘ಇಕ್ವೆಸ್’ ಎಂದು ಕೊರೆದಿದ್ದರೆ ಆ ಅಕ್ಷರಗಳು ಅದಕ್ಕಿಂತ ಮುಂಚಿನವಲ್ಲ. ಗಾಡ್‌ಫ್ರೀ ನೆಲ್ಲರ್ 1692ರಲ್ಲಿ ನೈಟ್, 1715ರಲ್ಲಿ ಬ್ಯಾರನೆಟ್. ಜೋಶುವಾ ರೆನಾಲ್ಡ್ಸ್‌ಗೆ ‘ಸರ್’ ಸೇರಿದ್ದು 1769ರಲ್ಲಿ. ಇಂಗ್ಲೆಂಡಿನ ‘ಆರ್.ಎ.’ ಎಂಬ ಅಕ್ಷರಗಳು 1768ರಲ್ಲಿ ರಾಯಲ್ ಅಕಾಡೆಮಿ ಹುಟ್ಟಿದ ಮೇಲಷ್ಟೇ ಸಾಧ್ಯ.

ಬ್ರಿಟಿಷ್ ಹಾಳೆಗಳಿಗೆ ಇನ್ನೊಂದು ಅನುಕೂಲವಿದೆ. ವಿಲಿಯಂ ಹೋಗಾರ್ತ್ ಮೊದಲಾದವರು ಪಟ್ಟುಹಿಡಿದು ತರಿಸಿದ ಕೆತ್ತನೆಗಾರರ ಹಕ್ಕಿನ ಕಾಯ್ದೆ 1735ರ ಜೂನ್ 24ರಿಂದ ಜಾರಿಗೆ ಬಂತು. ರಕ್ಷಣೆ ಬೇಕಿದ್ದರೆ ಮಾಲೀಕನ ಹೆಸರನ್ನೂ ಪ್ರಕಟಣೆಯ ದಿನಾಂಕವನ್ನೂ ತಗಡಿನಲ್ಲೇ ಕೊರೆಯಬೇಕಿತ್ತು. ಹಾಗಾಗಿ ಆಮೇಲಿನ ಅನೇಕ ಹಾಳೆಗಳ ಕೆಳಗೆ ಕಾಯ್ದೆಯ ಪ್ರಕಾರ ಪ್ರಕಟಿಸಿದ್ದೆಂಬ ಸಾಲು, ದಿನ, ತಿಂಗಳು, ವರ್ಷ, ಅಂಗಡಿಯ ವಿಳಾಸ ಇರುತ್ತವೆ. ಆ ದಿನಾಂಕ ತಗಡಿನದು, ನಿಮ್ಮ ಹಾಳೆಯದಲ್ಲ ಎಂಬುದು ನೆನಪಿರಲಿ. ತಗಡು ಮಾರಾಟವಾಗಿ ಮೂವತ್ತು ವರ್ಷದ ಮೇಲೂ ಹಳೆಯ ದಿನಾಂಕದೊಂದಿಗೇ ಅಚ್ಚಾಗಬಹುದಿತ್ತು. ಫ್ರಾನ್ಸಿನಲ್ಲಿ ಇದಕ್ಕೆ ಬದಲಾಗಿ ರಾಜನ ಅನುಮತಿಯನ್ನು ಸೂಚಿಸುವ ‘ಸಿ.ಪಿ.ಆರ್.’ ಅಥವಾ ‘ಎ.ಪಿ.ಡಿ.ಆರ್.’ ಕಾಣುತ್ತದೆ. ಅದನ್ನು ಯಾರದೋ ಇನಿಷಿಯಲ್ ಎಂದು ಭಾವಿಸಿ ಕಲಾವಿದರ ಕೋಶ ತಡಕಾಡಬೇಡಿ.

ಸಹಿಯ ವಿಷಯದಲ್ಲಿ ಎರಡು ಎಚ್ಚರಿಕೆ. ಚಿತ್ರದ ಕೆಳಗೆ ನಟ್ಟನಡುವೆ ಕೈಬರಹದಂತಹ ದೊಡ್ಡ ಸಹಿ ಇದ್ದರೆ ಅದು ಬಹುಮಟ್ಟಿಗೆ ಚಿತ್ರದಲ್ಲಿರುವ ವ್ಯಕ್ತಿಯದು. 19ನೇ ಶತಮಾನದ ಜೀವನಚರಿತ್ರೆಗಳ ಮುಖಚಿತ್ರಗಳಲ್ಲಿ ಆ ವ್ಯಕ್ತಿಯ ಹಸ್ತಾಕ್ಷರವನ್ನೂ ತಗಡಿನಲ್ಲಿ ಕೊರೆದು ಸೇರಿಸುವುದು ಫ್ಯಾಷನ್ ಆಗಿತ್ತು. ಇನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಹೆಸರು. ಕೆತ್ತನೆಗಾರರು ಹಾಳೆಹಾಳೆಗೂ ಪೆನ್ಸಿಲ್ ಸಹಿ ಹಾಕುವ ಪದ್ಧತಿ ಬಲವಾದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. 1760ರ ಮೆಜೋಟಿಂಟ್ ಮೇಲಿನ ಪೆನ್ಸಿಲ್ ಹೆಸರು ಯಾವನೋ ವ್ಯಾಪಾರಿ ಬರೆದುಕೊಂಡ ಟಿಪ್ಪಣಿ. ಅದನ್ನು ಸುಳಿವೆಂದು ಇಟ್ಟುಕೊಳ್ಳಿ, ಸಾಕ್ಷಿಯೆಂದಲ್ಲ.

ಒಂದೇ ಹೆಸರಿನ ಇಬ್ಬರು

ಹೆಸರು ಓದಲು ಬಂದ ಮಾತ್ರಕ್ಕೆ ಕೆಲಸ ಮುಗಿಯಿತೆನ್ನುವಂತಿಲ್ಲ. ಕೆತ್ತನೆ ಮನೆತನದ ಕಸುಬು; ತಂದೆ, ಮಗ, ಅಣ್ಣನ ಮಗ ಒಂದೇ ಕೋಣೆಯಲ್ಲಿ ಕೂತು ಕೊರೆಯುತ್ತಿದ್ದರು. 1623ರಲ್ಲಿ ಶೇಕ್ಸ್‌ಪಿಯರ್ ನಾಟಕಗಳ ಸಂಪುಟದ ಜೊತೆ ಬಂದ ಅವನ ಜಗತ್ಪ್ರಸಿದ್ಧ ಭಾವಚಿತ್ರವನ್ನೇ ನೋಡಿ. ಕೆಳಗೆ ಮಾರ್ಟಿನ್ ಡ್ರೂಶೌಟ್ ಕೊರೆದದ್ದು ಎಂದು ಸ್ಪಷ್ಟವಾಗಿ ಇದೆ. ಆದರೆ ಆ ಕಾಲದ ಲಂಡನ್ನಿನಲ್ಲಿ ಆ ಹೆಸರಿನ ಇಬ್ಬರಿದ್ದರು, ಚಿಕ್ಕಪ್ಪ ಮತ್ತು ಅಣ್ಣನ ಮಗ. ಇಬ್ಬರಲ್ಲಿ ಯಾರು ಎಂಬ ಬಗ್ಗೆ ವಿದ್ವಾಂಸರು ಬಹುಕಾಲ ವಾದಿಸಿದ್ದಾರೆ.

ಪ್ಯಾರಿಸ್ಸಿನ ಡ್ರೆವೆ ಮನೆತನದಲ್ಲಿ ಪಿಯೆರ್ ತಂದೆ, ಪಿಯೆರ್-ಆಂಬೆರ್ ಮಗ, ಜೊತೆಗೆ ಬಂಧು ಕ್ಲೋದ್. ಇಯಾಸಾಂತ್ ರಿಗೋ ಚಿತ್ರಿಸಿದ ಬೊಸ್ಸುಯೆಯ ಭಾವಚಿತ್ರವನ್ನು 1723ರಲ್ಲಿ ಕೊರೆದವನು ಮಗ. ತಂದೆಯೂ ರಿಗೋನ ಚಿತ್ರಗಳನ್ನು ಕೊರೆದವನೇ. ಇಂಥಲ್ಲಿ ‘ಫಿಲಿಯಸ್’, ‘ಫಿಲ್.’, ‘ಫಿಸ್’, ‘ಜೂನಿಯರ್’ ಎಂಬ ಪುಟ್ಟ ಅಕ್ಷರಗಳನ್ನು ಹುಡುಕಬೇಕು. ಇಂಗ್ಲೆಂಡಿನ ಮೆಜೋಟಿಂಟ್‌ಗಳಲ್ಲಿ ‘ಜೆ. ಸ್ಮಿತ್’ ಕಂಡರೆ ಚಿತ್ರಕಾರನ ಹೆಸರನ್ನೂ ನೋಡಿ. ನೆಲ್ಲರ್‌ನ ಚಿತ್ರವಾದರೆ ಅದು 1743ರಲ್ಲಿ ತೀರಿಕೊಂಡ ಜಾನ್ ಸ್ಮಿತ್. ರೆನಾಲ್ಡ್ಸ್‌ನ ಚಿತ್ರವಾದರೆ 1750ರ ದಶಕದ ಆರಂಭದಲ್ಲಿ ಹುಟ್ಟಿದ ಜಾನ್ ರಾಫೆಲ್ ಸ್ಮಿತ್ ಇರಬಹುದು. ಹೀಗೆ ಒಂದು ಹೆಸರು ಇನ್ನೊಂದನ್ನು ಗುರುತಿಸಿಕೊಡುತ್ತದೆ. ಹೆಸರಿನ ಬೇರೆ ಬೇರೆ ಕಾಗುಣಿತಗಳಿಗೂ ಜನನ ಮರಣದ ವರ್ಷಗಳಿಗೂ ಗೆಟ್ಟಿ ಸಂಸ್ಥೆಯ ಕಲಾವಿದರ ಹೆಸರುಗಳ ಪಟ್ಟಿ ಆನ್‌ಲೈನ್‌ನಲ್ಲಿ ಉಚಿತ. ಹೆಸರಿಲ್ಲದೆ ಹೆಣೆದ ಅಕ್ಷರಗಳ ಮುದ್ರೆ ಮಾತ್ರ ಇದ್ದರೆ 19ನೇ ಶತಮಾನದ ನಾಗ್ಲರ್‌ನ ಮುದ್ರಾಕೋಶ ಇಂದಿಗೂ ಕೆಲಸಕ್ಕೆ ಬರುತ್ತದೆ. ಭಾಷೆ ಜರ್ಮನ್, ಆದರೆ ಮುದ್ರೆ ಗುರುತಿಸಲು ಭಾಷೆ ಬೇಕಿಲ್ಲ.

ಚಿತ್ರದಲ್ಲಿರುವ ವ್ಯಕ್ತಿಯ ಕಡೆಯಿಂದ ಹುಡುಕಿ

ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವ ಹೆಜ್ಜೆ ಇದು, ಹೊಸಬರು ಮರೆಯುವುದೂ ಇದನ್ನೇ. ಹಳೆಯ ಸಂಗ್ರಾಹಕರು ಭಾವಚಿತ್ರಗಳನ್ನು ಜೋಡಿಸಿಟ್ಟದ್ದು ಕಲಾವಿದರ ಪ್ರಕಾರವಲ್ಲ, ಚಿತ್ರಿತ ವ್ಯಕ್ತಿಗಳ ಪ್ರಕಾರ. ಬ್ರಿಟಿಷ್ ಮ್ಯೂಸಿಯಂನ ಕೆತ್ತಿದ ಬ್ರಿಟಿಷ್ ಭಾವಚಿತ್ರಗಳ ಮುದ್ರಿತ ಪಟ್ಟಿಯೂ ಹಾಗೆಯೇ ಇದೆ. ಆದ್ದರಿಂದ ವ್ಯಕ್ತಿ ಯಾರೆಂದು ಗೊತ್ತಾದರೆ, ಆ ವ್ಯಕ್ತಿಯ ಅಚ್ಚುಗಳನ್ನೆಲ್ಲ ಒಂದೇ ಕಡೆ ನೋಡಿ ನಿಮ್ಮದನ್ನು ಪಕ್ಕದಲ್ಲಿಟ್ಟು ಹೋಲಿಸಬಹುದು.

ವ್ಯಕ್ತಿಯ ಹೆಸರು ಲ್ಯಾಟಿನ್ ರೂಪದಲ್ಲಿದ್ದರೆ ಗಾಬರಿ ಬೇಡ. ‘ಕರೋಲಸ್’ ಎಂದರೆ ಚಾರ್ಲ್ಸ್ ಅಥವಾ ಕಾರ್ಲ್, ‘ಗುಲಿಯೆಲ್ಮಸ್’ ಎಂದರೆ ವಿಲಿಯಂ, ‘ಲುಡೊವಿಕಸ್’ ಎಂದರೆ ಲೂಯಿ. ‘ಈಟಾಟಿಸ್’ ಎಂಬುದರ ಪಕ್ಕದ ಅಂಕಿ ವಯಸ್ಸು. ‘ಒಬಿಟ್’ ಎಂದರೆ ತೀರಿಕೊಂಡ ವರ್ಷ. ಹೆಸರೇ ಇಲ್ಲದಿದ್ದರೆ ಲಾಂಛನ, ಕೊರಳಿನ ಪದಕ, ಕೈಯಲ್ಲಿರುವ ಪುಸ್ತಕದ ಮೇಲಿನ ಅಕ್ಷರ, ಹಿನ್ನೆಲೆಯ ಕಟ್ಟಡ ಇವನ್ನು ಪಟ್ಟಿ ಮಾಡಿ. ಉಡುಪು ಕಾಲವನ್ನು ಹೇಳುತ್ತದೆ, ಆದರೆ ಆ ಕಾಲ ಮೂಲ ಚಿತ್ರದ್ದು, ಕೆತ್ತನೆಯದಲ್ಲ.

ಆಮೇಲೆ ವ್ಯಕ್ತಿಯ ಹೆಸರಿನಿಂದ ಬ್ರಿಟಿಷ್ ಮ್ಯೂಸಿಯಂ, ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ಇವುಗಳ ಆನ್‌ಲೈನ್ ಸಂಗ್ರಹಗಳಲ್ಲಿ ಹುಡುಕಿ. ವ್ಯಕ್ತಿ ವೈದ್ಯನೋ ವಿಜ್ಞಾನಿಯೋ ಆಗಿದ್ದರೆ ವೆಲ್‌ಕಮ್ ಸಂಗ್ರಹ. ಜರ್ಮನ್ ಭಾಷಿಕ ಪ್ರದೇಶದವನಾದರೆ ಅಲ್ಲಿನ ಡಿಜಿಟಲ್ ಭಾವಚಿತ್ರ ಸೂಚಿ. ಮೊಬೈಲಿನ ಚಿತ್ರಹುಡುಕಾಟ ವ್ಯಕ್ತಿಯನ್ನು ಗುರುತಿಸಲು ಚೆನ್ನ, ಕೆತ್ತನೆಗಾರನನ್ನು ಗುರುತಿಸಲು ಅಲ್ಲ. ಒಂದೇ ಚಿತ್ರವನ್ನು ಆಧರಿಸಿದ ಹತ್ತು ಕೆತ್ತನೆಗಳೂ ಅದರ ಕಣ್ಣಿಗೆ ಒಂದೇ.

ಅಕ್ಷರವೇ ಇಲ್ಲದಿದ್ದರೆ

ಎರಡು ಕಾರಣಗಳಿರಬಹುದು. ಮೊದಲನೆಯದು ಕತ್ತರಿ. ಜೇಮ್ಸ್ ಗ್ರೇಂಜರ್ 1769ರಲ್ಲಿ ಭಾವಚಿತ್ರಗಳ ಆಧಾರದ ಮೇಲೆ ಇಂಗ್ಲೆಂಡಿನ ಜೀವನಚರಿತ್ರೆ ಪ್ರಕಟಿಸಿದ ಮೇಲೆ, ಪುಸ್ತಕಗಳಿಗೆ ಹೊರಗಿನ ಭಾವಚಿತ್ರಗಳನ್ನು ತಂದು ಅಂಟಿಸುವ ಹುಚ್ಚು ಹಬ್ಬಿತು. ಅದಕ್ಕಾಗಿ ಎಷ್ಟೋ ಹಳೆಯ ಗ್ರಂಥಗಳ ಮುಖಚಿತ್ರಗಳನ್ನು ಕಿತ್ತು, ಅಂಚು ಕತ್ತರಿಸಿ, ಅಳತೆಗೆ ಹೊಂದಿಸಿದರು. ಅಂಚಿನ ಜೊತೆಗೆ ಹೆಸರೂ ಹೋಯಿತು. ತಗಡಿನ ಗುರುತು ನಾಲ್ಕೂ ಕಡೆ ಇಲ್ಲದಿದ್ದರೆ ಈ ಅನುಮಾನ ಬಲವಾಗಬೇಕು.

ಎರಡನೆಯದು ಇದಕ್ಕೆ ತದ್ವಿರುದ್ಧ. ತಗಡಿನ ಗುರುತು ಪೂರ್ತಿ ಇದ್ದು, ಕೆಳಗೆ ಖಾಲಿ ಜಾಗವಿದ್ದು, ಅಕ್ಷರ ಮಾತ್ರ ಇಲ್ಲದಿದ್ದರೆ ಅದು ಅಕ್ಷರ ಕೊರೆಯುವ ಮುಂಚೆ ತೆಗೆದ ಪರೀಕ್ಷಾ ಅಚ್ಚು ಇರಬಹುದು. ಸಂಗ್ರಾಹಕರು ಇವಕ್ಕೆ ಹೆಚ್ಚು ಬೆಲೆ ಕೊಡುತ್ತಿದ್ದರು, ಹಾಗಾಗಿ ಪ್ರಕಾಶಕರು ಬೇಕೆಂದೇ ಇಂಥವನ್ನು ಹೊರತರುತ್ತಿದ್ದರು. 1847ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಅಚ್ಚುಚಿತ್ರ ವ್ಯಾಪಾರಿಗಳ ಸಂಘ ಇಂಥ ಪ್ರತಿಗಳ ಅಂಚಿನಲ್ಲಿ ಶಾಯಿಯಿಲ್ಲದ ಉಬ್ಬುಮುದ್ರೆ ಒತ್ತುತ್ತಿತ್ತು. ಓರೆ ಬೆಳಕಿನ ಫೋಟೊದಲ್ಲಿ ಅದನ್ನು ಹುಡುಕಿ.

ಎರಡೂ ಸಂದರ್ಭಗಳಲ್ಲಿ ದಾರಿ ಒಂದೇ: ಅಕ್ಷರವಿರುವ ಇನ್ನೊಂದು ಪ್ರತಿಯನ್ನು ಸಂಗ್ರಹಾಲಯದ ಪಟ್ಟಿಯಲ್ಲಿ ಹುಡುಕಿ, ಗೆರೆಗೆ ಗೆರೆ ಹೋಲಿಸುವುದು. ಒಟ್ಟು ಮುಖ ನೋಡಿ ಹೋಲಿಸಬೇಡಿ. ಕಣ್ಣಿನ ಮೂಲೆಯಲ್ಲಿ ಎಷ್ಟು ಗೆರೆ, ಗುಂಡಿಯ ಮೇಲಿನ ಹೊಳಪಿನ ಆಕಾರ, ಹಿನ್ನೆಲೆಯಲ್ಲಿ ತಪ್ಪಿ ಬಿದ್ದ ಗೀಚು; ಇಂಥ ಅಮುಖ್ಯ ಜಾಗಗಳೇ ನಂಬಲರ್ಹ. ನಕಲು ಮಾಡುವವನು ಮುಖಕ್ಕೆ ಜೀವ ತೇಯುತ್ತಾನೆ, ಗುಂಡಿಗಲ್ಲ.

ನಕಲು, ಹಂತ, ಬದಲಾದ ತಲೆ

ತಗಡಿನಲ್ಲಿ ಇದ್ದಂತೆ ಬರೆದರೆ ಕಾಗದದಲ್ಲಿ ಎಡಬಲ ತಿರುಗುತ್ತದೆ. ಕೆತ್ತನೆಗಾರ ಕನ್ನಡಿ ಬಳಸಿ ಸರಿಮಾಡಿರಬಹುದು, ಮಾಡದೆಯೂ ಇರಬಹುದು. ಅಚ್ಚನ್ನು ನೋಡಿ ಅವಸರದಲ್ಲಿ ನಕಲು ಮಾಡಿದವನು ಸಾಮಾನ್ಯವಾಗಿ ಆ ಗೋಜಿಗೆ ಹೋಗುತ್ತಿರಲಿಲ್ಲ. ಆದ್ದರಿಂದ ಸಂಗ್ರಹಾಲಯದ ಪ್ರತಿಯಲ್ಲಿ ವ್ಯಕ್ತಿ ಬಲಕ್ಕೆ ತಿರುಗಿದ್ದು ನಿಮ್ಮದರಲ್ಲಿ ಎಡಕ್ಕೆ ತಿರುಗಿದ್ದರೆ, ನಿಮ್ಮದು ಬೇರೆ ತಗಡು. ಕತ್ತಿ ಯಾವ ಸೊಂಟದಲ್ಲಿದೆ, ಇಂಗ್ಲೆಂಡಿನ ಗಾರ್ಟರ್ ಎಂಬ ಗೌರವ ಪದವಿಯ ನಕ್ಷತ್ರ ಎದೆಯ ಎಡಭಾಗದಲ್ಲಿದೆಯೇ ಎಂದು ನೋಡಿ. ನಕ್ಷತ್ರ ಬಲಕ್ಕೆ ಹೋಗಿದ್ದರೆ ಎಲ್ಲೋ ಒಂದು ಕಡೆ ಚಿತ್ರ ತಿರುಗಿದೆ.

ಒಂದೇ ತಗಡು ಕೈಯಿಂದ ಕೈಗೆ ಹೋಗುತ್ತಾ ತಿದ್ದುಪಡಿ ಕಾಣುತ್ತಿತ್ತು. ಪ್ರತಿ ತಿದ್ದುಪಡಿಯನ್ನೂ ಒಂದೊಂದು ‘ಹಂತ’ ಎಂದು ಎಣಿಸುತ್ತಾರೆ. ವ್ಯಾನ್ ಡೈಕ್‌ನ ಪ್ರಸಿದ್ಧ ಭಾವಚಿತ್ರ ಮಾಲೆಯ ತಗಡುಗಳು ಮೊದಲು ಆಂಟ್‌ವರ್ಪ್‌ನ ಮಾರ್ಟಿನ್ ವಾನ್ ಡೆನ್ ಎಂಡೆನ್ ಬಳಿ ಇದ್ದವು, ಆಮೇಲೆ ಗಿಲ್ಲಿಸ್ ಹೆಂಡ್ರಿಕ್ಸ್‌ನ ಪಾಲಾದವು. ಅವನು ಹಳೆಯ ವಿಳಾಸ ಅಳಿಸಿ ‘ಜಿ.ಎಚ್.’ ಎಂದು ಹಾಕಿಕೊಂಡ. ಮುಂದಿನವರು ಅದನ್ನೂ ಅಳಿಸಿದರು. ಕೊರೆದವರು ಮಾತ್ರ ಮೊದಲಿನವರೇ: ಲುಕಾಸ್ ವೋರ್ಸ್ಟರ್‌ಮನ್, ಪೌಲಸ್ ಪೊಂಟಿಯಸ್ ಮೊದಲಾದವರು, ಕೆಲವನ್ನು ಸ್ವತಃ ವ್ಯಾನ್ ಡೈಕ್ ಎಚಿಂಗ್ ಮಾಡಿದ. ‘ಜಿ.ಎಚ್.’ ಎಂಬ ಕಲಾವಿದನನ್ನು ಹುಡುಕುತ್ತ ಕೂತವರ ಪಾಡು ಊಹಿಸಿಕೊಳ್ಳಿ.

ತಲೆಯೇ ಬದಲಾದದ್ದೂ ಉಂಟು. ಪಿಯೆರ್ ಲೊಂಬಾರ್ 1650ರ ದಶಕದಲ್ಲಿ, ವ್ಯಾನ್ ಡೈಕ್ ಮಾದರಿಯ ಕುದುರೆ ಸವಾರನೊಬ್ಬನ ದೊಡ್ಡ ತಗಡನ್ನು ಕೊರೆದ. ರಾಜಕೀಯ ಗಾಳಿ ಬೀಸಿದಂತೆ ಅದೇ ಕುದುರೆಯ ಮೇಲೆ ಒಮ್ಮೆ ರಾಜಸತ್ತೆಯ ವಿರೋಧಿ ಕ್ರಾಮ್‌ವೆಲ್‌ನ ತಲೆ, ಇನ್ನೊಮ್ಮೆ ಇಂಗ್ಲೆಂಡಿನ ರಾಜ ಒಂದನೇ ಚಾರ್ಲ್ಸ್‌ನ ತಲೆ ಕೂತಿತು. ತಲೆಯನ್ನು ಕೆರೆದು ತೆಗೆದ ಹಂತದ ಅಚ್ಚುಗಳೂ ಉಳಿದಿವೆ. ಮುಖದ ಗೆರೆಯ ರೀತಿ ಮೈಯ ಗೆರೆಯ ರೀತಿಗೆ ಹೊಂದದಿದ್ದರೆ, ಕುತ್ತಿಗೆಯ ಸುತ್ತ ಹಳೆಯ ಗೆರೆಯ ನೆರಳು ಉಳಿದಿದ್ದರೆ ಒಂದೇ ತಗಡಿನಲ್ಲಿ ಎರ‍ಡು ಕೈಗಳಿವೆಯೆಂದು ಶಂಕಿಸಬಹುದು.

ಕಾಗದ ಮತ್ತು ಹಿಂಬದಿ

ಕಾಗದದಿಂದ ಕಲಾವಿದ ಸಿಗುವುದಿಲ್ಲ, ಆದರೆ ಸುಳ್ಳು ಸಿಕ್ಕಿಬೀಳುತ್ತದೆ. ಬೆಳಕಿಗೆ ಹಿಡಿದಾಗ ಸಮಾನಾಂತರ ತಂತಿಗೆರೆಗಳು ಕಂಡರೆ ಹಳೆಯ ಪದ್ಧತಿಯ ಕಾಗದ. ಗೆರೆಯಿಲ್ಲದೆ ಒಂದೇ ಸಮನಾಗಿದ್ದರೆ ಅದು ವೋವ್ ಕಾಗದ. ಯುರೋಪಿನಲ್ಲಿ ಅದು ಬಂದದ್ದೇ 1750ರ ದಶಕದಲ್ಲಿ, ಇಂಗ್ಲೆಂಡಿನ ಜೇಮ್ಸ್ ವಾಟ್‌ಮನ್ ಕಾರ್ಖಾನೆಯಿಂದ. 1680ರ ತಗಡು ಇಂಥ ಕಾಗದದ ಮೇಲಿದ್ದರೆ ಅಚ್ಚು ಬಹಳ ತಡವಾದದ್ದು. 1794ರ ನಂತರದ ಇಂಗ್ಲಿಷ್ ವಾಟರ್‌ಮಾರ್ಕ್‌ಗಳಲ್ಲಿ ವರ್ಷವೂ ಇರುವುದುಂಟು. ಅದಕ್ಕಿಂತ ಮುಂಚೆ ಆ ಹಾಳೆ ಅಚ್ಚಾಗಿರಲಾರದು.

ಹಿಂಬದಿಯ ಪುಟ್ಟ ಮುದ್ರೆಗಳು ಸಂಗ್ರಾಹಕರವು. ಫ್ರಿಟ್ಸ್ ಲುಗ್ಟ್ 1921ರಲ್ಲಿ ಹೊರತಂದ ಸಂಗ್ರಾಹಕ ಮುದ್ರೆಗಳ ಕೋಶ ಈಗ ಉಚಿತವಾಗಿ ಆನ್‌ಲೈನ್‌ನಲ್ಲಿದೆ. ಹಿಂದೆ ಪುಸ್ತಕದ ಪಠ್ಯ ಅಚ್ಚಾಗಿದ್ದರೆ ಇನ್ನೂ ಒಳ್ಳೆಯದು: ಒಂದು ಇಡೀ ಸಾಲನ್ನು ಹಾಗೆಯೇ ಗೂಗಲ್ ಬುಕ್ಸ್‌ನಲ್ಲಿ ಹುಡುಕಿದರೆ ಪುಸ್ತಕವೂ ವರ್ಷವೂ ಸಿಗುತ್ತವೆ, ಜೊತೆಗೆ ಚಿತ್ರ ಕೊರೆದವನ ಹೆಸರೂ ಸಿಗಬಹುದು.

ಕಂಡದ್ದನ್ನು ಬರೆಯುವ ರೀತಿ

ಎಲ್ಲವೂ ಹೊಂದಿದ ಮೇಲೆ ಪಾತ್ರಗಳನ್ನು ಬೇರೆ ಬೇರೆಯಾಗಿ ನಮೂದಿಸಿ: ಕೆತ್ತನೆ ಯಾರದು, ಯಾರ ಚಿತ್ರವನ್ನು ಆಧರಿಸಿದ್ದು, ಪ್ರಕಾಶಕ ಯಾರು, ವಿಧಾನ, ತಗಡಿನ ವರ್ಷ, ಎಷ್ಟನೆಯ ಹಂತ, ಅಳತೆ. ಅಕ್ಷರಗಳನ್ನು ತಿದ್ದದೆ, ಮೊಟಕುಗಳನ್ನೂ ಹಾಗೆಯೇ ಉಳಿಸಿ ಪ್ರತಿ ಮಾಡಿ. ಹೋಲಿಕೆಯಿಂದ ಮಾತ್ರ ತಿಳಿದ ಹೆಸರಿನ ಮುಂದೆ ‘ಇವನದೆಂದು ಊಹೆ’ ಎಂದೇ ಬರೆಯಿರಿ. ಯಾವ ಹೆಸರೂ ನಿಲ್ಲದಿದ್ದರೆ ‘ಅಜ್ಞಾತ ಕೆತ್ತನೆಗಾರ’ ಎಂದು ಬರೆಯಲು ಸಂಕೋಚ ಬೇಡ. ದೊಡ್ಡ ಸಂಗ್ರಹಾಲಯಗಳ ಪಟ್ಟಿಗಳಲ್ಲೂ ಈ ನಮೂದಿಗೆ ಬರವಿಲ್ಲ.

ಸಂಗ್ರಹಾಲಯದ ಅಚ್ಚುಚಿತ್ರ ವಿಭಾಗಕ್ಕೆ ಬರೆಯುವುದಾದರೆ ಪೂರ್ತಿ ಹಾಳೆಯ ಫೋಟೊ, ಕೆಳಗಿನ ಅಕ್ಷರಗಳ ಹತ್ತಿರದ ಫೋಟೊ, ಮುಖದ ನೆರಳಿನ ಭಾಗವನ್ನು ಮಸೂರದ ಮೂಲಕ ತೆಗೆದ ಫೋಟೊ, ಹಿಂಬದಿ, ವಾಟರ್‌ಮಾರ್ಕ್ ಮತ್ತು ಮಿಲಿಮೀಟರ್ ಅಳತೆ ಕಳುಹಿಸಿ. ನೀವು ಈಗಾಗಲೇ ಹೋಲಿಸಿ ನೋಡಿದ ಪ್ರತಿಗಳ ದಾಖಲೆ ಸಂಖ್ಯೆಗಳನ್ನು ಸೇರಿಸಿದರೆ ಉತ್ತರ ಬರುವ ಸಂಭವ ಹೆಚ್ಚು. ಪ್ರಶ್ನೆ ಒಂದೇ ಇರಲಿ: ‘ಇದು ಇಂಥ ದಾಖಲೆ ಸಂಖ್ಯೆಯ ಅಚ್ಚಿನ ತಗಡೇ, ಅಥವಾ ಅದರ ನಕಲೇ?’ ಬೆಲೆ ಎಷ್ಟೆಂದು ಮಾತ್ರ ಅವರನ್ನು ಕೇಳಬೇಡಿ. ಅದು ಹರಾಜು ಸಂಸ್ಥೆಗಳಿಗೆ ಕೇಳುವ ಪ್ರಶ್ನೆ.